'ಸತ್ತೇ ಹೋದೆ' ಅಂದವರು ಗಟ್ಟಿಯಾಗೇ ಇದ್ದಾರೆ: ಇಂಗ್ಲಿಷಿನ ಒತ್ತುಮಾತು ತಿಳಿಯಲು ಸಮಗ್ರ ಮಾರ್ಗದರ್ಶಿ

ಆನೆಗೊಂದಿ, ಸಣಾಪುರದಲ್ಲಿ ಹೋಂಸ್ಟೇ ನಡೆಸುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಹೊರದೇಶದ ಇಂಜಿನಿಯರುಗಳ ಜೊತೆ ಕಾಲ್‌ಗೆ ಕೂರುವವರು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಆರ್ಡರ್ ನೋಡಿಕೊಳ್ಳುವವರು, ರಾಯಚೂರಿನ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರು. ಇವರಿಗೆಲ್ಲ ಇಂಗ್ಲಿಷ್ ಬರುತ್ತದೆ. ಮೇಲ್ ಓದುತ್ತಾರೆ, ಉತ್ತರ ಬರೆಯುತ್ತಾರೆ. ತೊಡಕಾಗುವುದು ಎದುರಿನವರು ಪುಸ್ತಕದ ಇಂಗ್ಲಿಷ್ ಬಿಟ್ಟು ಮನೆಮಾತಿಗೆ ಇಳಿದಾಗ. 'ಯೂ ಬೆಟ್', 'ಬಿಗ್ ಟೈಮ್', 'ಫಾರ್ ದ ಲೈಫ್ ಆಫ್ ಮಿ'. ಬಿಡಿಬಿಡಿಯಾಗಿ ಎಲ್ಲ ಪದವೂ ಗೊತ್ತು, ಕೂಡಿಸಿದರೆ ಏನೂ ತಿಳಿಯುವುದಿಲ್ಲ.

ಇವು ಮಾತಿಗೆ ಒತ್ತು ಕೊಡಲು ಬರುವ ನುಡಿಗಟ್ಟುಗಳು. ಇವುಗಳಲ್ಲಿ ಪದದ ಅರ್ಥ ಹುಡುಕಬೇಡಿ. ಎಷ್ಟು ಜೋರಾಗಿ ಹೇಳುತ್ತಿದ್ದಾರೆ, ಹೊಗಳುತ್ತಿದ್ದಾರೋ ಬೈಯುತ್ತಿದ್ದಾರೋ, ಇದನ್ನು ಯಾರು ಯಾರಿಗೆ ಹೇಳಬಹುದು, ಇಷ್ಟು ಹುಡುಕಿ. ಗಂಗಾವತಿಯಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ನಾನು ನುಡಿಗಟ್ಟಿನ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದಿಲ್ಲ. ಪಟ್ಟಿಗೆ ಕೊನೆ ಇಲ್ಲ, ಹೊಸವು ಹುಟ್ಟುತ್ತಲೇ ಇರುತ್ತವೆ. ಮೇಲಾಗಿ ಈ ಕಸರತ್ತುಗಳಲ್ಲಿ ಮುಕ್ಕಾಲು ಪಾಲು ನಮ್ಮ ಕನ್ನಡದಲ್ಲೇ ಇವೆ. ಅವನ್ನು ಗುರುತಿಸುವುದು ಕಲಿತರೆ ಸಾಕು.

ಹೆಜ್ಜೆ 1: ಅಳಿಸಿ ನೋಡಿ

ಗೊತ್ತಿಲ್ಲದ ತುಣುಕೊಂದು ಸಿಕ್ಕಿತೆಂದರೆ ಅದರ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಓದಿ. 'ವಾಟ್ ಆನ್ ಅರ್ತ್ ಈಸ್ ದಿಸ್?' ಇದರಲ್ಲಿ 'ಆನ್ ಅರ್ತ್' ತೆಗೆದರೆ 'ವಾಟ್ ಈಸ್ ದಿಸ್?' ಉಳಿಯಿತು. ಪ್ರಶ್ನೆ ಹಾಗೇ ಇದೆ, ಹೋಗಿದ್ದು ಬೆರಗು ಅಥವಾ ಸಿಟ್ಟು ಮಾತ್ರ. 'ಹಿ ವರ್ಕ್ಡ್ ಲೈಕ್ ಕ್ರೇಜಿ' ಅಂದರೂ ಅವನು ದುಡಿದ, 'ಲೈಕ್ ಕ್ರೇಜಿ' ತೆಗೆದರೂ ದುಡಿದ. ಸುದ್ದಿ ಬದಲಾಗದೆ ಬಿಸಿ ಮಾತ್ರ ಇಳಿದರೆ ನೀವು ಮುಚ್ಚಿದ್ದು ಒತ್ತುಮಾತು.

ಕೆಲವೊಮ್ಮೆ ಏನು ಮುಚ್ಚಿದರೂ ವಾಕ್ಯ ಮುರಿಯುತ್ತದೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿಳಿದ ಅತಿಥಿಯೊಬ್ಬರು 'ದ ಸ್ಟೆಪ್ಸ್ ನಿಯರ್ಲಿ ಕಿಲ್ಡ್ ಮಿ' ಎಂದು ಬರೆದರು ಅನ್ನಿ. ಇಂಥದ್ದನ್ನು ನೋಡಿ ಹುಡುಗರು ಗಾಬರಿಯಾಗಿ ಬರುತ್ತಾರೆ: "ಸರ್, ಸಾಯಾಕ ಬಂದಿದ್ನಿ ಅಂತ ಬರದಾರಲ್ರೀ, ಕಂಪ್ಲೇಂಟ್ ಏನ್ರೀ ಇದು?" ಇಲ್ಲಿ ವಾಕ್ಯ ಇಡಿಯಾಗಿ ಉತ್ಪ್ರೇಕ್ಷೆ. ಇದಕ್ಕೆ ಬೇರೆ ಪರೀಕ್ಷೆ: ಇದು ನಿಜವಾಗಿ ನಡೆದಿದ್ದರೆ ಇವರು ಹೀಗೆ ಒಂದೇ ಸಾಲಿನಲ್ಲಿ ಹೇಳಿ ಮುಂದಿನ ಸಾಲಲ್ಲಿ ಊಟದ ವಿಷಯಕ್ಕೆ ಹೋಗುತ್ತಿದ್ದರೇ? ಇಲ್ಲ. ಮತ್ತೇನು, ಕಾಲು ನೋವು ಬಂದಿದೆ, ಖುಷಿಯಾಗಿದ್ದಾರೆ.

ಹೆಜ್ಜೆ 2: ಯಾವ ದಾರಿಯಿಂದ ಬಂತು ನೋಡಿ

ಒತ್ತುಮಾತುಗಳು ಎಲ್ಲ ಭಾಷೆಯಲ್ಲೂ ಕೆಲವೇ ದಾರಿಯಿಂದ ಬರುತ್ತವೆ. ದಾರಿ ಗೊತ್ತಾದರೆ ಹಿಂದೆಂದೂ ಕೇಳದ ಮಾತನ್ನೂ ಊಹಿಸಬಹುದು.

ಒಂದು, ಸತ್ಯದ ದಾರಿ. 'ನಿಜಕ್ಕೂ', 'ಖರೇನ' ಎಂದು ನಾವು ಮಾತಿಗೆ ತೂಕ ಹಾಕುವಂತೆ ಅವರು 'ರಿಯಲಿ', 'ಟ್ರೂಲಿ', 'ಲಿಟರಲಿ' ಹಾಕುತ್ತಾರೆ. ನಾವೆಲ್ಲ ಮೊದಲು ಕಲಿಯುವ 'ವೆರಿ' ಕೂಡ 'ನಿಜವಾದ' ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದೇ. ಬಳಸಿ ಬಳಸಿ ಸತ್ಯ ಸವೆದು ಒತ್ತು ಉಳಿಯಿತು. 'ಲಿಟರಲಿ' ಈಗ ಅದೇ ದಾರಿಯಲ್ಲಿದೆ. 'ಐ ಲಿಟರಲಿ ಡೈಡ್' ಅನ್ನುವವರನ್ನು ಕಂಡು ಇದು ಈಗಿನ ಹುಡುಗರ ಹುಚ್ಚು ಅಂದುಕೊಳ್ಳಬೇಡಿ. ಮೆರಿಯಂ-ವೆಬ್‌ಸ್ಟರ್ ನಿಘಂಟು 1909ರಲ್ಲೇ ಈ ಬಳಕೆಯನ್ನು ದಾಖಲಿಸಿದೆ.

ಇನ್ನೊಂದು ಭಯದ ದಾರಿ. 'ಭಯಂಕರ ಚಲೋ ಐತಿ' ಅನ್ನುವಾಗ ಯಾರಿಗೂ ಭಯವಾಗಿರುವುದಿಲ್ಲ. ರಾಯಚೂರು, ಬಳ್ಳಾರಿಯ ಹುಡುಗರ ಬಾಯಲ್ಲಿ 'ಖತರ್ನಾಕ್' ಅಂದರೆ ಅಪಾಯವೂ ಹೌದು, ಅದ್ಭುತವೂ ಹೌದು. 'ಟೆರಿಬ್ಲಿ ಸಾರಿ', 'ಆಫುಲಿ ಕೈಂಡ್', 'ಇನ್ಸೇನ್‌ಲಿ ಗುಡ್', 'ಕಿಲ್ಲರ್ ವ್ಯೂ' ಎಲ್ಲ ಇದೇ ಜಾತಿ. ಸಾವಿನ ದಾರಿಯೂ ಇದರ ಪಕ್ಕದ್ದೇ: 'ಬೋರ್ಡ್ ಟು ಡೆತ್' ಅಂದರೆ ವಿಪರೀತ ಬೇಜಾರು, 'ಡೆಡ್ ಈಸಿ' ಅಂದರೆ ಬ್ರಿಟಿಷರ ಬಾಯಲ್ಲಿ ತೀರಾ ಸುಲಭ, 'ಟು ಡೈ ಫಾರ್' ಅಂದರೆ ಅಷ್ಟು ಚೆಂದ ಅಥವಾ ಅಷ್ಟು ರುಚಿ. ನಾವೂ 'ಸಾಯೋವಷ್ಟು ನಕ್ಕೆ' ಅನ್ನುತ್ತೇವಲ್ಲ.

ಮೂರನೆಯದು ಜೋಡಿ ಪದಗಳದ್ದು. 'ಪೈಪಿಂಗ್ ಹಾಟ್', 'ಬ್ರಾಂಡ್ ನ್ಯೂ', 'ವೈಡ್ ಅವೇಕ್', 'ಪಿಚ್ ಡಾರ್ಕ್', 'ಬೋನ್ ಡ್ರೈ'. ಇವುಗಳ ಮೊದಲ ಪದಕ್ಕೆ ಇಲ್ಲಿ ಒತ್ತು ಕೊಡುವುದಷ್ಟೇ ಕೆಲಸ, ಮತ್ತು ಅದನ್ನು ಬೇಕಾದ ಕಡೆಯೆಲ್ಲ ಹಚ್ಚುವಂತಿಲ್ಲ. 'ಪಿಚ್ ಹಾಟ್' ಆಗದು. ನಮ್ಮ 'ನಟ್ಟನಡುವೆ', 'ಮೊಟ್ಟಮೊದಲು', 'ಕಟ್ಟಕಡೆ', 'ಬಟ್ಟಬಯಲು' ನೆನಪಿಸಿಕೊಳ್ಳಿ. 'ನಟ್ಟಮೊದಲು' ಎಂದು ಯಾರಾದರೂ ಅನ್ನುತ್ತಾರೆಯೇ? ಇವನ್ನು ಮಾತ್ರ ಜೋಡಿಯಾಗಿಯೇ ಕಲಿಯಬೇಕು, ಬೇರೆ ದಾರಿಯಿಲ್ಲ.

ದಾರಿ ಯಾವುದೇ ಇರಲಿ, ಅಳತೆ ಹೇಳುವವರದ್ದು, ನಿಮ್ಮದಲ್ಲ. ಬ್ರಿಟನ್ನಿನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ್ದು ದಾಖಲಾದದ್ದೇ ಮೊದಲ ಬಾರಿಗೆ 2022ರ ಜುಲೈ 19ರಂದು, ಕಾನಿಂಗ್ಸ್‌ಬಿ ಎಂಬಲ್ಲಿ 40.3. ರಾಯಚೂರಿನಲ್ಲಿ ಏಪ್ರಿಲ್ ಬಂದರೆ 40 ಡಿಗ್ರಿಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಲಂಡನ್ನಿನ ಸಹೋದ್ಯೋಗಿ 'ಇಟ್ಸ್ ಅಬ್ಸಲ್ಯೂಟ್ಲಿ ಬಾಯ್ಲಿಂಗ್ ಹಿಯರ್' ಎಂದು ಬರೆದರೆ ಅಲ್ಲಿ 28 ಇರಬಹುದು. ಪಾಪ, ಅವರಿಗೆ ಅದೇ ಕುದಿ. ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹಾಸ್ಯ ಮಾಡುವ ಬಳ್ಳಾರಿಯವರು ನಗುವುದಿದ್ದರೆ ಮೈಕ್ ಮ್ಯೂಟ್ ಮಾಡಿ ನಗಬೇಕು.

ಹೆಜ್ಜೆ 3: 'ವೆರಿ'ಗೂ 'ಅಬ್ಸಲ್ಯೂಟ್ಲಿ'ಗೂ ಗಡಿ ಹಾಕಿಕೊಳ್ಳಿ

ಸುಸ್ತಿನಲ್ಲಿ ಹೆಚ್ಚು ಕಡಿಮೆ ಇದೆ. 'ಹಣ್ಣಾಗಿ ಹೋದೆ' ಅಂದಮೇಲೆ ಇನ್ನೇನು ಉಳಿಯಿತು? ಹಾಗೆಯೇ 'ಟಯರ್ಡ್', 'ಕೋಲ್ಡ್', 'ಗುಡ್', 'ಹಂಗ್ರಿ' ಇವುಗಳಿಗೆ 'ವೆರಿ' ಬರುತ್ತದೆ. 'ಎಕ್ಸಾಸ್ಟೆಡ್', 'ಫ್ರೀಜಿಂಗ್', 'ಬ್ರಿಲಿಯಂಟ್', 'ಸ್ಟಾರ್ವಿಂಗ್' ಇವು ಆಗಲೇ ತುದಿ ಮುಟ್ಟಿದವು, ಇವಕ್ಕೆ 'ಅಬ್ಸಲ್ಯೂಟ್ಲಿ' ಅಥವಾ 'ಕಂಪ್ಲೀಟ್ಲಿ'. 'ರಿಯಲಿ' ಎರಡೂ ಕಡೆ ನಡೆಯುತ್ತದೆ. ಸಂದೇಹ ಬಂದರೆ ಅದನ್ನೇ ಹಾಕಿ.

'ಕ್ವೈಟ್' ಹತ್ತಿರ ಸ್ವಲ್ಪ ನಿಲ್ಲಿ. ಅಮೆರಿಕದವರು 'ಕ್ವೈಟ್ ಗುಡ್' ಅಂದರೆ ತುಂಬಾ ಚೆನ್ನಾಗಿದೆ. ಬ್ರಿಟಿಷರು ಅದನ್ನೇ ಅಂದರೆ ಸಾಮಾನ್ಯವಾಗಿ 'ಪರವಾಗಿಲ್ಲ' ಅಷ್ಟೇ. ಅದೇ ಬ್ರಿಟಿಷರು 'ಕ್ವೈಟ್ ಇಂಪಾಸಿಬಲ್' ಅಂದರೆ ಮಾತ್ರ ಸುತಾರಾಂ ಆಗದು ಎಂದರ್ಥ, ಯಾಕೆಂದರೆ 'ಇಂಪಾಸಿಬಲ್' ತುದಿ ಮುಟ್ಟಿದ ಪದ. ನಿಮ್ಮ ಸ್ಯಾಂಪಲ್ ನೋಡಿ 'ಕ್ವೈಟ್ ನೈಸ್' ಅಂದವರು ಯಾವ ದೇಶದವರು ಎಂದು ನೋಡಿಕೊಂಡು ಆಮೇಲೆ ಸಂತೋಷಪಡಿ.

ಹೆಜ್ಜೆ 4: 'ಇಲ್ಲ'ದ ಜೊತೆಗೇ ಬರುವವನ್ನು ಬೇರೆ ಇಡಿ

'ಎಳ್ಳಷ್ಟೂ ಅನುಮಾನ ಇಲ್ಲ' ಅನ್ನುತ್ತೇವೆ, 'ಎಳ್ಳಷ್ಟೂ ಅನುಮಾನ ಇದೆ' ಅನ್ನುವುದಿಲ್ಲ. 'ನಯಾಪೈಸೆ ಕೊಡಲಿಲ್ಲ' ಸರಿ, 'ನಯಾಪೈಸೆ ಕೊಟ್ಟ' ಅಂದರೆ ಕೇಳಿದವರು ನಿಮ್ಮ ಮುಖ ನೋಡುತ್ತಾರೆ. ಇಂಗ್ಲಿಷಿನಲ್ಲೂ ಇಂಥ ದೊಡ್ಡ ಗುಂಪೇ ಇದೆ, ನಮ್ಮವರಿಗೆ ಇದು ಎಲ್ಲಕ್ಕಿಂತ ಬೇಗ ಹತ್ತುತ್ತದೆ.

'ಐ ಡಿಡಂಟ್ ಸ್ಲೀಪ್ ಎ ವಿಂಕ್': ಕಣ್ಣಿಗೆ ಕಣ್ಣು ಹತ್ತಲಿಲ್ಲ. 'ಹಿ ಡಿಡಂಟ್ ಲಿಫ್ಟ್ ಎ ಫಿಂಗರ್': ಇಲ್ಲಿದ್ದ ಕಡ್ಡಿ ಅಲ್ಲಿಡಲಿಲ್ಲ. 'ನಾಟ್ ಎ ರೆಡ್ ಸೆಂಟ್': ಕವಡೆ ಕಾಸೂ ಇಲ್ಲ. 'ನಾಟ್ ಇನ್ ಎ ಮಿಲಿಯನ್ ಇಯರ್ಸ್': ಏಳೇಳು ಜನ್ಮಕ್ಕೂ ಇಲ್ಲ. 'ಫಾರ್ ದ ಲೈಫ್ ಆಫ್ ಮಿ, ಐ ಕಾಂಟ್ ರಿಮೆಂಬರ್': ತಿಪ್ಪರಲಾಗ ಹಾಕಿದರೂ ನೆನಪಾಗುತ್ತಿಲ್ಲ. ಈ ಕೊನೆಯದು ಪ್ರಾಣದ ಮಾತಲ್ಲ, ಜೀವವಿಮೆಯ ಮಾತೂ ಅಲ್ಲ. 'ಆಗುತ್ತಿಲ್ಲ' ಎಂಬುದಕ್ಕೆ ಬಿದ್ದ ಒತ್ತು. 'ಅಟ್ ಆಲ್', 'ಇನ್ ದ ಲೀಸ್ಟ್', 'ಬೈ ಎ ಲಾಂಗ್ ಶಾಟ್' ಹೆಚ್ಚಾಗಿ ಇದೇ ಗುಂಪಿನವು.

ಕೇಳುವಾಗ ಇದರಿಂದ ಒಂದು ಲಾಭ ಇದೆ. ಗದ್ದಲದ ಕಾಲ್‌ನಲ್ಲಿ 'ಕಾಂಟ್' ಎಂಬುದು 'ಕ್ಯಾನ್' ಎಂದು ಕೇಳಿಸಿತು ಅನ್ನಿ. ಹಿಂದೆ 'ಫಾರ್ ದ ಲೈಫ್ ಆಫ್ ಮಿ' ಬಂದಿದ್ದರೆ ಅದು 'ಕ್ಯಾನ್' ಆಗಿರಲಾರದು. ನುಡಿಗಟ್ಟೇ 'ಇಲ್ಲ' ಎಂದು ಮೊದಲೇ ಸಾರಿ ಹೇಳಿಬಿಟ್ಟಿದೆ.

ಒಂದು ಅಪವಾದ ಗೊತ್ತಿರಲಿ. 'ಐ ಕುಡಂಟ್ ಕೇರ್ ಲೆಸ್' ಅಂದರೆ ನನಗೇನೂ ಆಗಬೇಕಾದ್ದಿಲ್ಲ. ಅಮೆರಿಕದಲ್ಲಿ ಕೆಲವರು 'ಐ ಕುಡ್ ಕೇರ್ ಲೆಸ್' ಅನ್ನುತ್ತಾರೆ, ಅರ್ಥ ಮಾತ್ರ ಅದೇ. ತರ್ಕ ಹುಡುಕಲು ಹೋಗಬೇಡಿ, ಅವರಲ್ಲೇ ಇದಕ್ಕೆ ಜಗಳ ಇದೆ.

ಹೆಜ್ಜೆ 5: ಎಲ್ಲಿ ಕೂತಿದೆ ನೋಡಿ

'ಹಿ ರ್ಯಾನ್ ಲೈಕ್ ಹೆಲ್' ಅಂದರೆ ಬಿದ್ದಂಬೀಳ ಓಡಿದ. 'ಲೈಕ್ ಹೆಲ್ ಹಿ ಡಿಡ್' ಅಂದರೆ ಅವನು ಮಾಡಲೇ ಇಲ್ಲ, ಸುಳ್ಳು. ಒಂದೇ ಮಾತು, ಕೊನೆಯಲ್ಲಿದ್ದರೆ ಜೋರು, ಮೊದಲಲ್ಲಿದ್ದರೆ ನಿರಾಕರಣೆ. 'ಎ ಹೆಲ್ ಆಫ್ ಎ' ಇನ್ನೂ ಕಿಲಾಡಿ. 'ಎ ಹೆಲ್ ಆಫ್ ಎ ಪ್ಲೇಯರ್' ಹೊಗಳಿಕೆ, 'ಎ ಹೆಲ್ ಆಫ್ ಎ ಮೆಸ್' ಗೋಳು. ತಾನಾಗಿ ಅದಕ್ಕೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ, ಮುಂದಿನ ಪದ ನೋಡಿಯೇ ಗೊತ್ತಾಗಬೇಕು.

ಹೆಜ್ಜೆ 6: ದನಿ ತಗ್ಗಿಸಿ ಒತ್ತು ಕೊಡುವವರನ್ನು ಗುರುತಿಸಿ

ಆಫೀಸಿನಲ್ಲಿ ಕೆಲಸ ಮಾಡುವವರು ಬೇರೆಲ್ಲ ಬಿಟ್ಟರೂ ಇದನ್ನು ಬಿಡಬಾರದು. ಅಮೆರಿಕದವರು ಸಾಮಾನ್ಯವಾಗಿ ಮಾತು ಹಿಗ್ಗಿಸಿ ಒತ್ತು ಕೊಡುತ್ತಾರೆ. ಬ್ರಿಟಿಷರು ಎಷ್ಟೋ ಸಲ ಕುಗ್ಗಿಸಿ ಕೊಡುತ್ತಾರೆ. 'ವಿ ಹ್ಯಾವ್ ಎ ಬಿಟ್ ಆಫ್ ಎ ಪ್ರಾಬ್ಲಂ' ಎಂದರೆ ಸಣ್ಣ ತೊಂದರೆಯಲ್ಲ, ಊಟ ಬಿಟ್ಟು ಓಡಿ ಬನ್ನಿ ಎಂದರ್ಥ ಇರಬಹುದು. 'ನಾಟ್ ಎಕ್ಸಾಕ್ಟ್ಲಿ ಫಾಸ್ಟ್' ಅಂದರೆ ಆಮೆ ವೇಗ. 'ಡಿಸಪಾಯಿಂಟಿಂಗ್, ಟು ಸೇ ದ ಲೀಸ್ಟ್' ಅಂದರೆ ಹೇಳಬೇಕಾದ್ದು ಇನ್ನೂ ಬೇಕಾದಷ್ಟಿದೆ, ಬಾಯಿ ಕಟ್ಟಿಕೊಂಡಿದ್ದೇನೆ. 'ನಾಟ್ ಬ್ಯಾಡ್' ಒಳ್ಳೆಯ ಸರ್ಟಿಫಿಕೇಟು. ಇದು ನಮಗೆ ಹೊಸದೇನಲ್ಲ. ನಮ್ಮ ಕಡೆ ಹಿರಿಯರು ಹೋಳಿಗೆ ತಿಂದು ಕೈ ತೊಳೆಯುತ್ತ 'ಅಡ್ಡಿಯಿಲ್ರೀ' ಅಂದರೆ ಅಡುಗೆ ಮಾಡಿದವರಿಗೆ ಅದೇ ದೊಡ್ಡ ಮೆಚ್ಚುಗೆ.

ಈ ಕುಗ್ಗಿಸಿದ ಮಾತು ಅರ್ಥವಾಗದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಯುದ್ಧದ ಇತಿಹಾಸದಲ್ಲಿ ಮತ್ತೆ ಮತ್ತೆ ಹೇಳುವ ಪ್ರಸಂಗವಿದೆ. 1951ರ ಏಪ್ರಿಲ್, ಕೊರಿಯಾ ಯುದ್ಧ, ಇಮ್‌ಜಿನ್ ನದಿಯ ದಂಡೆ. ಚೀನಾದ ಸೇನೆ ಸಾವಿರ ಸಾವಿರ ಲೆಕ್ಕದಲ್ಲಿ ಮುತ್ತಿದೆ. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಿನ ಅಮೆರಿಕನ್ ಅಧಿಕಾರಿಗೆ ವರದಿ ಕೊಟ್ಟದ್ದು ಪರಿಸ್ಥಿತಿ 'ಎ ಬಿಟ್ ಸ್ಟಿಕಿ' ಎಂದು. ಬ್ರಿಟಿಷ್ ಕಿವಿಗೆ ಅದು 'ಮುಳುಗುತ್ತಿದ್ದೇವೆ'. ಅಮೆರಿಕನ್ ಕಿವಿಗೆ 'ಸ್ವಲ್ಪ ಕಿರಿಕಿರಿ, ನಿಭಾಯಿಸುತ್ತೇವೆ'. ನೆರವೂ ಸಿಗಲಿಲ್ಲ, ಹೊತ್ತಿಗೆ ಸರಿಯಾಗಿ ಹಿಂದೆ ಸರಿಯುವ ಅಪ್ಪಣೆಯೂ ಸಿಗಲಿಲ್ಲ. ಗುಡ್ಡದ ಮೇಲೆ ಸಿಕ್ಕಿಬಿದ್ದ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಪಡೆಯಲ್ಲಿ ಬಹುಪಾಲು ಜನ ಸತ್ತರು ಇಲ್ಲವೇ ಸೆರೆಯಾದರು. ಇಬ್ಬರೂ ಹುಟ್ಟಿನಿಂದ ಇಂಗ್ಲಿಷ್ ಆಡುವವರೇ ಎಂಬುದನ್ನು ಗಮನಿಸಿ. ನಿಮಗೆ ಒಮ್ಮೆ ತಿಳಿಯದೇ ಹೋದರೆ ನಾಚಿಕೊಳ್ಳುವಂಥದ್ದೇನಿಲ್ಲ, ತಿರುಗಿ ಕೇಳಿ: 'ಹೌ ಸೀರಿಯಸ್ ಈಸ್ ಇಟ್? ಡೂ ವಿ ನೀಡ್ ಟು ಸ್ಟಾಪ್ ದ ಲೈನ್?' ಎಂದು ಹೌದು ಅಥವಾ ಇಲ್ಲ ಅನ್ನಲೇಬೇಕಾದ ಪ್ರಶ್ನೆ ಹಾಕಿ.

ಹೆಜ್ಜೆ 7: ಉತ್ತರವಾಗಿ ಬರುವ ಮಾತುಗಳು

'ಟೆಲ್ ಮಿ ಅಬೌಟ್ ಇಟ್' ಅಂದಾಗ ಹೇಳಲು ಶುರು ಮಾಡಬೇಡಿ. 'ಅದನ್ನ ನನ್ನ ಕೇಳ್ರಿ, ನಾನೂ ಅನುಭವಿಸೀನಿ' ಎಂದು ಅದರ ಅರ್ಥ. 'ಯೂ ಕ್ಯಾನ್ ಸೇ ದಟ್ ಅಗೇನ್' ಅಂದರೆ ಮತ್ತೆ ಹೇಳು ಎಂದಲ್ಲ, ನೂರಕ್ಕೆ ನೂರು ಒಪ್ಪಿದೆ ಎಂದು. 'ಯೂ ಬೆಟ್' ಅಂದರೆ ಖಂಡಿತ, ಜೂಜಿಗೂ ಅದಕ್ಕೂ ಈಗ ಸಂಬಂಧ ಇಲ್ಲ. 'ನೋ ಕಿಡಿಂಗ್' ದನಿ ಏರಿದರೆ 'ಹೌದಾ?', ದನಿ ಇಳಿದರೆ 'ಅದು ಎಲ್ಲರಿಗೂ ಗೊತ್ತಿದ್ದದ್ದೇ'.

ಅಣಕಕ್ಕೆ ಬರುವವು ಬೇರೆ. 'ಬಿಗ್ ಡೀಲ್!' ಅಂದರೆ ಅದೇನು ಮಹಾ. 'ಯಾ, ರೈಟ್' ಅಂದರೆ ನಂಬಿದೆ ಬಿಡು, ಅಂದರೆ ನಂಬಲಿಲ್ಲ. 'ಫ್ರೆಶ್ ಫಿಶ್, ಮೈ ಫುಟ್!' ಅಂದರೆ 'ತಾಜಾ ಅಂತ ತಾಜಾ, ಅವನ ತಲಿ!' ಅವರು ಪಾದ ಹಿಡಿದರು, ನಾವು ತಲೆ ಹಿಡಿದೆವು.

ಹೆಜ್ಜೆ 8: ತೂಕ ತಿಳಿಯದೆ ಬಾಯಿಗೆ ಹಾಕಬೇಡಿ

ಬೈಗುಳದಿಂದ ಹುಟ್ಟಿದ ಒತ್ತುಮಾತು ಹೇರಳ. 'ಹೆಕ್', 'ಡಾರ್ನ್' ಮೆತ್ತಗಿನವು, 'ಹೆಲ್', 'ಡ್ಯಾಮ್' ಎಂಬುವಕ್ಕೆ ಮರ್ಯಾದೆಯ ಮುಸುಕು ಹಾಕಿದ ರೂಪಗಳು. 'ವಾಟ್ ದ ಹೆಕ್' ಗೆಳೆಯರಲ್ಲಿ ನಡೆಯುತ್ತದೆ, 'ವಾಟ್ ದ ಹೆಲ್' ಮ್ಯಾನೇಜರ ಮುಂದೆ ಬೇಡ. ಅದಕ್ಕೂ ಮೇಲಿನವು ಅರ್ಥವಾದರೆ ಸಾಕು, ಆಡುವ ಅಗತ್ಯ ಬೀಳುವುದಿಲ್ಲ.

'ಬ್ಲಡಿ' ನಮಗೆ ಸಿನಿಮಾದ ಖಳನಾಯಕರಿಂದ ಪರಿಚಯ, ಹಾಗಾಗಿ ಯಾವಾಗಲೂ ಬೈಗುಳವೇ ಎಂಬ ಭಾವನೆ. ಬ್ರಿಟಿಷರು, ಆಸ್ಟ್ರೇಲಿಯಾದವರು 'ಬ್ಲಡಿ ಬ್ರಿಲಿಯಂಟ್' ಅಂದರೆ ಅದು ಶುದ್ಧ ಹೊಗಳಿಕೆ. ಆದರೂ ಪದಕ್ಕೆ ಇತಿಹಾಸದ ಕಾವು ಇದೆ. 1914ರಲ್ಲಿ ಲಂಡನ್ನಿನ ರಂಗದ ಮೇಲೆ ಬರ್ನಾರ್ಡ್ ಶಾ ಅವರ ನಾಟಕದ ಪಾತ್ರವೊಂದು ಈ ಪದ ಆಡಿದ್ದಕ್ಕೆ ಪತ್ರಿಕೆಗಳಲ್ಲಿ ಗುಲ್ಲೆದ್ದಿತ್ತು. 2006ರಲ್ಲಿ ಆಸ್ಟ್ರೇಲಿಯಾ ತನ್ನ ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಇದನ್ನೇ ಬಳಸಿದಾಗ ಬ್ರಿಟನ್ನಿನ ಟಿವಿಯಲ್ಲಿ ಮೊದಲು ತಡೆ ಬಿತ್ತು. ಅಲ್ಲೇ ಹುಟ್ಟಿದವರಿಗೇ ತೂಕ ಒಮ್ಮತವಾಗಿಲ್ಲ ಅಂದಮೇಲೆ ಅತಿಥಿ ಅಂದರೆ ನಕ್ಕು ಕೇಳಿ, ನೀವು ತಿರುಗಿ ಅನ್ನಬೇಡಿ.

ತೂಕ ನೋಡಲು ನಿಘಂಟು ತೆರೆಯಿರಿ. ಆಕ್ಸ್‌ಫರ್ಡ್ ಲರ್ನರ್ಸ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಅರ್ಥಕ್ಕಿಂತ ಮೊದಲು ಪಕ್ಕದ ಚಿಕ್ಕ ಸೂಚನೆ ಓದಿ: 'ಇನ್‌ಫಾರ್ಮಲ್' ಇದ್ದರೆ ವಾಟ್ಸಾಪಿಗೆ ಸರಿ, 'ಓಲ್ಡ್-ಫ್ಯಾಷನ್ಡ್' ಇದ್ದರೆ ಆಡಿದರೆ ನಗುತ್ತಾರೆ, 'ಟಬೂ' ಅಥವಾ 'ಅಫೆನ್ಸಿವ್' ಇದ್ದರೆ ಪುಟ ಮುಚ್ಚಿ. ಹುಡುಕುವಾಗ ನುಡಿಗಟ್ಟಿನ ಮುಖ್ಯ ಪದದಿಂದ ಹುಡುಕಿ. 'ಫಾರ್ ದ ಲೈಫ್ ಆಫ್ ಮಿ' ಸಿಗುವುದು 'ಲೈಫ್' ಕೆಳಗೆ.

ಹೆಜ್ಜೆ 9: ನಮ್ಮ ಒತ್ತನ್ನು ಅವರ ಭಾಷೆಗೆ ಹಾಗೇ ಸಾಗಿಸಬೇಡಿ

'ನಿನ್ನೇನೇ ಹೇಳಿದ್ದೆ' ಎಂಬ ನಮ್ಮ 'ಏ'ಕಾರವನ್ನು 'ಐ ಟೋಲ್ಡ್ ಯೆಸ್ಟರ್‌ಡೇ ಓನ್ಲಿ' ಎಂದು ಸಾಗಿಸುವುದು ನಮ್ಮೆಲ್ಲರ ಚಾಳಿ. ಬೆಂಗಳೂರಿನಲ್ಲಿ ಅದು ನಡೆಯುತ್ತದೆ, ಬರ್ಮಿಂಗ್‌ಹ್ಯಾಮಿನವರಿಗೆ 'ನಿನ್ನೆಯಷ್ಟೇ ಹೇಳಿದೆ, ಮೊದಲು ಹೇಳಿರಲಿಲ್ಲ' ಎಂದು ಕೇಳಿಸುತ್ತದೆ. ನಿಮ್ಮ ಮೇಲೆ ತಪ್ಪು ಬರಬಾರದೆಂದು ಹೇಳಿದ ಮಾತು ನಿಮ್ಮ ಮೇಲೇ ತಿರುಗುತ್ತದೆ. ಅಲ್ಲಿ ಬೇಕಾದ್ದು 'ಐ ಡಿಡ್ ಟೆಲ್ ಯೂ ಯೆಸ್ಟರ್‌ಡೇ', 'ಡಿಡ್' ಮೇಲೆ ದನಿ ಒತ್ತಿ. 'ಬಂದೇ ಬರ್ತೀನಿ'ಗೂ ಇದೇ ಉಪಾಯ: 'ಐ ವಿಲ್ ಕಮ್', ಒತ್ತು 'ವಿಲ್' ಮೇಲೆ. 'ಬಿಸಿಬಿಸಿ'ಯನ್ನು 'ಹಾಟ್ ಹಾಟ್' ಮಾಡಬೇಡಿ, ಅದಕ್ಕೆ 'ಪೈಪಿಂಗ್ ಹಾಟ್' ಇದೆ.

ಕಿವಿ ಪಳಗಿಸಲು ಕ್ರಿಕೆಟ್ ಕಾಮೆಂಟರಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ಆಟ ನಿಮಗೆ ಗೊತ್ತು, ಆದ್ದರಿಂದ 'ವಾಟ್ ಎ ಶಾಟ್', 'ಮೈಲ್ಸ್ ಓವರ್', 'ಹ್ಯಾಂಡ್ಸ್ ಡೌನ್ ದ ಬೆಸ್ಟ್' ಯಾವುದಕ್ಕೆ ಬಂತೆಂದು ಕಣ್ಣೇ ಹೇಳುತ್ತದೆ. ಕೇಳಿದ್ದನ್ನು ಬರೆದಿಡುವಾಗ ಅದು ಬಂದ ಇಡೀ ವಾಕ್ಯ ಬರೆಯಿರಿ, ಯಾರು ಯಾರಿಗೆ ಅಂದರು ಎಂದೂ ಬರೆಯಿರಿ. ಬಿಡಿ ನುಡಿಗಟ್ಟಿನ ಪಟ್ಟಿ ನಾಳೆ ಓದಿದರೆ ನಿಮಗೇ ಅರ್ಥವಾಗುವುದಿಲ್ಲ.

ಒಂದು ಸಂದೇಶ ಬಿಡಿಸೋಣ

ಬಳ್ಳಾರಿಯ ಜೀನ್ಸ್ ಘಟಕಕ್ಕೆ ಇಂಗ್ಲೆಂಡಿನ ಖರೀದಿದಾರರಿಂದ ಹೀಗೊಂದು ವಾಟ್ಸಾಪ್ ಬಂದಿದೆ ಅಂದುಕೊಳ್ಳಿ: 'ಸ್ಯಾಂಪಲ್ಸ್ ಆರ್ ಡೆಡ್ ಗುಡ್, ಹ್ಯಾಂಡ್ಸ್ ಡೌನ್ ದ ಬೆಸ್ಟ್ ಸೋ ಫಾರ್. ಬಿಟ್ ವರೀಡ್ ಅಬೌಟ್ ದ ಡೇಟ್ಸ್ ದೋ. ಫಾರ್ ದ ಲೈಫ್ ಆಫ್ ಮಿ ಐ ಕಾಂಟ್ ಸೀ ಹೌ ಯೂ ವಿಲ್ ಡೂ 2,000 ಬೈ ಫ್ರೈಡೇ.'

'ಡೆಡ್', 'ಹ್ಯಾಂಡ್ಸ್ ಡೌನ್' ಮುಚ್ಚಿ ಓದಿದರೆ ಸ್ಯಾಂಪಲ್ ಚೆನ್ನಾಗಿದೆ, ಇಲ್ಲಿವರೆಗಿನದರಲ್ಲಿ ಇದೇ ಮೇಲು. ಅಷ್ಟಕ್ಕೆ ಖುಷಿಯಾಗಿ ಫೋನ್ ಕೆಳಗಿಡಬೇಡಿ. ಬ್ರಿಟಿಷರ 'ಬಿಟ್ ವರೀಡ್' ಕುಗ್ಗಿಸಿದ ಮಾತು, ಚಿಂತೆ ದೊಡ್ಡದೇ ಇದೆ. ಹೊಗಳಿದ ಎರಡು ಮಾತು ಸೌಜನ್ಯದ ಮುನ್ನುಡಿ, ಸಂದೇಶ ಇರುವುದು ಇಲ್ಲಿ. ಕೊನೆಯ ವಾಕ್ಯ 'ಹೇಗೆ ಮಾಡ್ತೀರಿ ಹೇಳಿ' ಎಂಬ ಕುತೂಹಲವಲ್ಲ. ತಿಪ್ಪರಲಾಗ ಹಾಕಿದರೂ ನಂಬಿಕೆ ಬರುತ್ತಿಲ್ಲ, ಆಗುವುದಿಲ್ಲವಾದರೆ ಈಗಲೇ ಹೇಳಿ ಎಂಬ ಒತ್ತಾಯ.

ಇದಕ್ಕೆ 'ಯೂ ಬೆಟ್' ಎಂದೋ 'ಡೋಂಟ್ ವರಿ, ಹಂಡ್ರೆಡ್ ಪರ್ಸೆಂಟ್' ಎಂದೋ ಬರೆದರೆ ಚಿಂತೆ ಹೆಚ್ಚುತ್ತದೆ. ಒತ್ತುಮಾತು ಒಂದೂ ಇಲ್ಲದೆ ಬರೆಯಿರಿ: 'ಥ್ಯಾಂಕ್ ಯೂ. 2,000 ಬೈ ಫ್ರೈಡೇ ಈಸ್ ನಾಟ್ ಪಾಸಿಬಲ್. ವಿ ಕ್ಯಾನ್ ಸೆಂಡ್ 800 ಆನ್ ಫ್ರೈಡೇ ಆಂಡ್ ದ ರೆಸ್ಟ್ ದ ನೆಕ್ಸ್ಟ್ ವೆನ್ಸ್‌ಡೇ. ಪ್ಲೀಸ್ ಕನ್ಫರ್ಮ್.' ಅವರಿಂದ 'ಸೂಪರ್, ಚಿಯರ್ಸ್' ಬಂದರೆ ದಿನಾಂಕ ಒಪ್ಪಿದ್ದಾರೆ, ಹೊಲಿಗೆ ಶುರು ಮಾಡಿಸಿ.